ಗೆದ್ದ ಮೇಲೂ ಕಲಿತವರು: ಕೋಚ್ ಜಾನ್ ವುಡನ್ ಅವರ ಏಳು ಸೂತ್ರಗಳು

ಅಮೆರಿಕದ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಜಾನ್ ವುಡನ್ ಅವರ ಹತ್ತಿರಕ್ಕೆ ಇನ್ನೂ ಯಾವ ಕೋಚ್ ಕೂಡ ಬಂದಿಲ್ಲ. 1964ರಿಂದ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿ; ಅದರಲ್ಲಿ ಏಳು ಬೆನ್ನುಬೆನ್ನಿಗೆ. ಒಂದು ಹಂತದಲ್ಲಿ ಸಾಲಾಗಿ 88 ಪಂದ್ಯ ಗೆದ್ದರು. ಇಷ್ಟಾದರೂ ಇಂಡಿಯಾನಾದ ಈ ರೈತನ ಮಗ, ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಕೊನೆಯವರೆಗೂ ತಮ್ಮನ್ನು ಶಿಕ್ಷಕ ಎಂದೇ ಹೇಳಿಕೊಂಡರು. ಅವರ ವಿನಯ ದಿನದ ಕೆಲಸದ ಕ್ರಮದಲ್ಲೇ ಬೆರೆತಿತ್ತು. ಹಾಗಾಗಿಯೇ ಅದನ್ನು ನಾವೂ ಕಲಿಯಬಹುದು.

1. ಬುಡದಿಂದ ಶುರು ಮಾಡಿ
ಪ್ರತಿ ಸೀಸನ್ನಿನ ಮೊದಲ ದಿನ ವುಡನ್ ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು. ಕಿರುಬೆರಳಿನ ಬಳಿ, ಹಿಮ್ಮಡಿಯ ಬಳಿ ಒಂದು ಸುಕ್ಕೂ ಉಳಿಯಬಾರದು. ಆಮೇಲೆ ಶೂ ಲೇಸು ಬಿಗಿಯುವ ಪಾಠ. ದೇಶದಲ್ಲೇ ಹೆಸರು ಮಾಡಿ ಬಂದ ಹುಡುಗರಿಗೆ ಇದು ವಿಚಿತ್ರ ಅನಿಸುತ್ತಿತ್ತು. ಆದರೆ ಕಾರಣ ನೇರವಾಗಿತ್ತು: ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಅಭ್ಯಾಸ ತಪ್ಪಿಸುತ್ತಾನೆ, ಅಭ್ಯಾಸ ತಪ್ಪಿದವನು ಆಡಲಾರ. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಜಗತ್ಪ್ರಸಿದ್ಧನಾದ ಆಟಗಾರನೂ ಈ ಪಾಠಕ್ಕೆ ಕೂತವನೇ.

2. ಕಿರಿಯರು ಹೇಳಿದ್ದನ್ನು ಕೇಳಿಸಿಕೊಳ್ಳಿ
ವುಡನ್ ಯುಸಿಎಲ್‌ಎ ಸೇರಿದ್ದು 1948ರಲ್ಲಿ. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಹದಿನಾರನೇ ಸೀಸನ್ನಿನಲ್ಲಿ. ಆ ವರ್ಷದ ಮೊದಲ ಐವರಲ್ಲಿ ಆರಡಿ ಐದಂಗುಲ ಮೀರಿದವರು ಯಾರೂ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದು ಕುಳ್ಳರ ತಂಡವೇ. ಎದುರಾಳಿಯನ್ನು ಅಂಗಳದ ಉದ್ದಕ್ಕೂ ಅಡ್ಡಗಟ್ಟುವ ಝೋನ್ ಪ್ರೆಸ್ ಆಡೋಣ ಎಂದು ಪಟ್ಟು ಹಿಡಿದವರು ಸಹಾಯಕ ಕೋಚ್ ಜೆರ್ರಿ ನಾರ್ಮನ್, ವುಡನ್ ಅವರ ಕೈಕೆಳಗೇ ಆಡಿದ್ದ ಹಳೆಯ ಶಿಷ್ಯ. ಗುರು ಒಪ್ಪಿದರು. ತಂಡ ಆಡಿದ 30 ಪಂದ್ಯಗಳನ್ನೂ ಗೆದ್ದಿತು.

ನಾಲ್ಕು ವರ್ಷದ ನಂತರ ಇದೇ ಮತ್ತೊಮ್ಮೆ ನಡೆಯಿತು. 1968ರ ಜನವರಿಯಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯ ಯುಸಿಎಲ್‌ಎಯನ್ನು 71–69ರಿಂದ ಸೋಲಿಸಿತು. ಎಲ್ವಿನ್ ಹೇಯ್ಸ್ ಒಬ್ಬನೇ 39 ಅಂಕ ಹೊಡೆದಿದ್ದ. ಮಾರ್ಚ್‌ನಲ್ಲಿ ಸೆಮಿಫೈನಲ್‌ನಲ್ಲಿ ಅದೇ ತಂಡ ಎದುರಾಯಿತು. ನಾಲ್ವರು ವಜ್ರಾಕೃತಿಯಲ್ಲಿ ನಿಂತು ಕಾಯುವುದು, ಐದನೆಯವನು ಹೇಯ್ಸ್‌ಗೆ ನೆರಳಿನಂತೆ ಅಂಟಿಕೊಳ್ಳುವುದು ಎಂಬ ಸಲಹೆ ನಾರ್ಮನ್ ಅವರದೇ. ಹೇಯ್ಸ್‌ಗೆ ಸಿಕ್ಕಿದ್ದು 10 ಅಂಕ, ಪಂದ್ಯವನ್ನು ಯುಸಿಎಲ್‌ಎ 101–69ರಿಂದ ಗೆದ್ದಿತು. ಅಷ್ಟು ಹೊತ್ತಿಗೆ ವುಡನ್ ಮೂರು ಪ್ರಶಸ್ತಿ ಗೆದ್ದಾಗಿತ್ತು. ತನಗೆ ಎಲ್ಲ ಗೊತ್ತು ಎಂದು ಸಹಾಯಕನ ಬಾಯಿ ಮುಚ್ಚಿಸಬಹುದಿತ್ತು. ಆದರೆ ಮುಚ್ಚಿಸಲಿಲ್ಲ. ಗೆದ್ದವರ ಸುತ್ತ ಮೊದಲು ಸಾಯುವುದು ಕಿರಿಯರ ಇಂಥ ಸಲಹೆಗಳೇ. ನಿಮ್ಮ ಎದುರು ‘ಸರ್, ಇದು ಹೀಗಲ್ಲ’ ಎನ್ನುವ ಧೈರ್ಯ ಯಾರಿಗಿದೆ ಎಂದು ಆಗಾಗ ನೋಡಿಕೊಳ್ಳಿ. ಯಾರಿಗೂ ಇಲ್ಲವಾದರೆ ನಿಮ್ಮ ಕಲಿಕೆ ನಿಂತಿದೆ ಎಂದೇ ಅರ್ಥ.

3. ಪಾಸ್ ಕೊಟ್ಟವನನ್ನು ನೋಡಿ
ಬುಟ್ಟಿಗೆ ಚೆಂಡು ಹಾಕಿದ ಆಟಗಾರ ಪಾಸ್ ಕೊಟ್ಟವನ ಕಡೆ ತಿರುಗಿ ಕಣ್ಣಲ್ಲೋ ನಗುವಲ್ಲೋ ಕೈಸನ್ನೆಯಲ್ಲೋ ಕೃತಜ್ಞತೆ ತಿಳಿಸಬೇಕು, ಇದು ನಿಯಮ. ಅವನು ನೋಡದಿದ್ದರೆ ಎಂದು ಒಬ್ಬ ಕೇಳಿದ. ಖಂಡಿತ ನೋಡುತ್ತಿರುತ್ತಾನೆ ಎಂದರು ವುಡನ್. ಮನುಷ್ಯರನ್ನು ಬಲ್ಲವರ ಉತ್ತರ ಇದು.

4. ಬೈಗುಳವೂ ಕಡಿಮೆ, ಹೊಗಳಿಕೆಯೂ ಕಡಿಮೆ
ವುಡನ್ ಅವರ ಕೊನೆಯ ಸೀಸನ್ನಿನಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ವೇಳೆ ಕೂತು ಅವರ ಒಂದೊಂದು ಮಾತನ್ನೂ ಗುರುತು ಹಾಕಿಕೊಂಡರು. ಒಟ್ಟು 2,326 ಬೋಧನಾ ಕ್ರಿಯೆಗಳು ಲೆಕ್ಕಕ್ಕೆ ಸಿಕ್ಕವು. ಸುಮಾರು ಮುಕ್ಕಾಲು ಪಾಲಿನಲ್ಲಿ ಇದ್ದದ್ದು ಮಾಹಿತಿ: ಏನು ಮಾಡಬೇಕು, ಹೇಗೆ ಮಾಡಬೇಕು. ಬರೀ ಹೊಗಳಿಕೆ ನೂರಕ್ಕೆ ಏಳರಷ್ಟು, ಬರೀ ಅಸಮಾಧಾನವೂ ಹೆಚ್ಚುಕಡಿಮೆ ಅಷ್ಟೇ. ತಪ್ಪು ಕಂಡಾಗ ಸರಿಯಾದ ಕ್ರಮ ಮಾಡಿ ತೋರಿಸುವುದು, ಆಟಗಾರ ಮಾಡಿದ ಹಾಗೆ ಮಾಡಿ ತೋರಿಸುವುದು, ಮತ್ತೆ ಸರಿಯಾದದ್ದು. ಕೆಲವೇ ಸೆಕೆಂಡುಗಳ ಕೆಲಸ. ಮಕ್ಕಳಿಗೆ ಪಾಠ ಹೇಳುವವರು, ಕಚೇರಿಯಲ್ಲಿ ಹೊಸಬರನ್ನು ತಿದ್ದುವವರು ಇದೊಂದನ್ನು ರೂಢಿಸಿಕೊಂಡರೂ ಸಾಕು. ಎಷ್ಟೋ ಹುಡುಗರು ಅವಮಾನವಿಲ್ಲದೆ ಕಲಿತಾರು.

5. ಬರೆದಿಡಿ
ಎರಡು ಗಂಟೆಯ ಅಭ್ಯಾಸಕ್ಕೆ ಸಹಾಯಕರ ಜೊತೆ ಸುಮಾರು ಅಷ್ಟೇ ಹೊತ್ತು ಕೂತು ಯೋಜನೆ. ನಿಮಿಷ ನಿಮಿಷದ ವಿವರ ಪುಟ್ಟ ಕಾರ್ಡಿನ ಮೇಲೆ. ಹಳೆಯ ಟಿಪ್ಪಣಿಗಳನ್ನೂ ಕಾಪಾಡಿಟ್ಟುಕೊಂಡು ತಿರುವಿಹಾಕುತ್ತಿದ್ದರು. ನೆನಪು ನಮ್ಮನ್ನು ಓಲೈಸುತ್ತದೆ, ಬರಹ ಓಲೈಸುವುದಿಲ್ಲ.

6. ಬಾಗಬಾರದ ಕಡೆ ಬಾಗಬೇಡಿ
ವಿನಯವಂತರೆಂದರೆ ಎಲ್ಲದಕ್ಕೂ ಹೂಂ ಅನ್ನುವವರು ಎಂಬ ಭಾವನೆ ಇದೆ. ವುಡನ್ ಹಾಗಿರಲಿಲ್ಲ. 1947ರಲ್ಲಿ ವುಡನ್ ಇಂಡಿಯಾನಾ ಸ್ಟೇಟ್ ಕಾಲೇಜಿನ ಕೋಚ್. ಕಾನ್ಸಾಸ್ ಸಿಟಿಯ ರಾಷ್ಟ್ರೀಯ ಟೂರ್ನಿಗೆ ಆಹ್ವಾನ ಬಂತು, ಆದರೆ ಕಪ್ಪು ಆಟಗಾರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಇದ್ದ. ಮೊದಲ ಐವರಲ್ಲಿ ಒಬ್ಬನಲ್ಲ, ಬದಲಿ ಆಟಗಾರ. ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ನಿಷೇಧ ತೆರವಾಯಿತು, ವಾಕರ್ ಆ ಟೂರ್ನಿಯಲ್ಲಿ ಆಡಿದ. ಇಷ್ಟು ದೊಡ್ಡ ನಿರ್ಧಾರ ತೆಗೆದುಕೊಂಡ ವುಡನ್ ಆಗಿನ್ನೂ ಹೆಸರಿಲ್ಲದ ಕೋಚ್ ಎಂಬುದು ನನಗೆ ಅವರ ಹತ್ತು ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

7. ವರ್ಷಕ್ಕೊಂದೇ ವಿಷಯ
ಬೇರೆಯವರನ್ನು ಮೀರಿಸಲು ಹೋಗಬೇಡ, ಬೇರೆಯವರಿಂದ ಕಲಿ, ನಿನ್ನ ಕೈಲಾದಷ್ಟು ಉತ್ತಮನಾಗುವುದನ್ನು ನಿಲ್ಲಿಸಬೇಡ ಎಂಬುದು ವುಡನ್‌ಗೆ ತಂದೆ ಹೇಳಿಕೊಟ್ಟ ಮಾತು. ಅದನ್ನು ಅವರು ಒಂದು ಪದ್ಧತಿ ಮಾಡಿಕೊಂಡರು. ಸೀಸನ್ ಮುಗಿದ ಮೇಲೆ ಆಟದ ಒಂದೇ ಒಂದು ಅಂಶ, ಉದಾಹರಣೆಗೆ ಫ್ರೀ ಥ್ರೋ, ಆರಿಸಿಕೊಳ್ಳುವುದು. ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು. ಅದರಲ್ಲಿ ಪಳಗಿದ ಕೋಚ್‌ಗಳನ್ನೂ ಆಟಗಾರರನ್ನೂ ವಿದ್ಯಾರ್ಥಿಯ ಹಾಗೆ ಕೇಳಿ ತಿಳಿಯುವುದು. ಮುಂದಿನ ಸೀಸನ್ನಿನ ಅಭ್ಯಾಸಕ್ಕೆ ಅದನ್ನು ಇಳಿಸುವುದು.

ನೀವು ಶಿಕ್ಷಕರಿರಲಿ, ಅಂಗಡಿ ನಡೆಸುವವರಿರಲಿ, ಸಂಗೀತ ಕಲಿಯುವವರಿರಲಿ, ನಿಮ್ಮ ಕೆಲಸದ ಒಂದೇ ಒಂದು ತುಣುಕನ್ನು ಈ ವರ್ಷಕ್ಕೆ ಆರಿಸಿಕೊಳ್ಳಿ. ಅದನ್ನು ನಿಮಗಿಂತ ಚೆನ್ನಾಗಿ ಮಾಡುವ ಮೂವರ ಹೆಸರು ಬರೆಯಿರಿ, ಈ ವಾರವೇ ಅವರಲ್ಲೊಬ್ಬರಿಗೆ ಫೋನ್ ಮಾಡಿ.