ಮೊದಲ ಮೂರು ದಿನ
ಬೋರನಕಣಿವೆ ಸುತ್ತಿನ ತೋಟದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೇಳುವ ಎಚ್ಚರಿಕೆ ಬಹುಮಟ್ಟಿಗೆ ಒಂದೇ: ಕತ್ತಲಾದ ಮೇಲೆ ಹೊರಗೆ ಹೋಗಬೇಡ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳ ಪ್ರಕಾರ ನೂರಕ್ಕೆ 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಗೊತ್ತಿದ್ದವನೇ, ನೆಂಟನೋ ನೆರೆಯವನೋ. ಹಾಗಾಗಿ ಮಗು ‘ಆ ಮಾವ ಬಂದರೆ ನಾನಿರಲ್ಲ’ ಎಂದಾಗ ಗದರಬೇಡಿ, ಪಕ್ಕದಲ್ಲಿ ಕೂತು ಕೇಳಿ.

ಊರಿಗೆ ಗೊತ್ತಾದರೆ ಮಾನ ಹೋಗುತ್ತದೆ, ಹಿರಿಯರನ್ನು ಕೂರಿಸಿ ತೀರ್ಮಾನ ಮಾಡೋಣ ಎನ್ನುವವರ ಭಯ ನಿಜವಾದದ್ದೇ. ಆದರೆ ಸಂತ್ರಸ್ತೆಯ ಗುರುತು ಬಯಲು ಮಾಡುವುದೇ ಅಪರಾಧ. ಮಕ್ಕಳ ಮೇಲಿನ ದೌರ್ಜನ್ಯ ಗೊತ್ತಿದ್ದೂ ತಿಳಿಸದಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷೆಯುಂಟು. ಪಂಚಾಯ್ತಿಯಲ್ಲಿ ಕಳೆದುಹೋಗುವುದು ಚಿಕಿತ್ಸೆಯ ಹೊತ್ತು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಬಟ್ಟೆ ಒಗೆಯದೆ, ಪ್ಲಾಸ್ಟಿಕ್‌ಗೆ ತುರುಕದೆ, ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯಿರಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಉಚಿತ ಚಿಕಿತ್ಸೆ ಕೊಡಲೇಬೇಕು. ವೈದ್ಯರು ಎರಡು ಬೆರಳಿನ ಯೋನಿ ಪರೀಕ್ಷೆ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಜೊತೆಗೆ ಹೋಗುವವರು ‘ಅಲ್ಲಿಗೇಕೆ ಹೋಗಿದ್ದೆ’ ಎನ್ನಬೇಡಿ. ನಿದ್ದೆ ಬಾರದ ರಾತ್ರಿಗಳು ತಿಂಗಳುಗಟ್ಟಲೆ ಇರಬಹುದು. ಆಪ್ತಸಮಾಲೋಚನೆಗೂ ಕೋರ್ಟಿನ ಪ್ರತಿ ವಾಯಿದೆಗೂ ಅವಳೊಂದಿಗೆ ಒಬ್ಬರು ಬಸ್ಸು ಹತ್ತಬೇಕು.