ಕಡಲು ಅಲ್ಲೂ ಪಡುವಣಕ್ಕೇ

ಕೂಸೇ,

ನಿನ್ನೆ ನೀನು ಫೋನನ್ನು ಕಿಟಕಿಯ ಕಡೆ ತಿರುಗಿಸಿ, "ಮಾವ, ನೋಡು, ಇಲ್ಲೂ ಸೂರ್ಯ ಕಡಲಿಗೇ ಇಳಿತಾನೆ, ಥೇಟ್ ನಮ್ಮ ಬಾಡದ ಹಾಗೇ" ಅಂದೆ. ಇಲ್ಲಿ ಆಗ ರಾತ್ರಿ ಹನ್ನೊಂದು ದಾಟಿತ್ತು. ನಿನ್ನ ಆಯಿಗೆ ಅಷ್ಟು ಕೇಳಿದ್ದೇ ಸಾಕಾಯಿತು, ಮಗಳು ಕುಮಟೆಯ ಇನ್ನೊಂದು ಕೇರಿಗೆ ಹೋಗಿದ್ದಾಳೆ ಎಂಬಷ್ಟು ನಿರಾಳವಾಗಿ ಎದ್ದು ಮಲಗಲು ಹೋದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. 1985ರಲ್ಲಿ ಅದೇ ಅಬರಿಸ್ಟ್ವಿತ್‌ನಿಂದ ನಾನು ಮನೆಗೆ ಬರೆದ ಮೊದಲ ನೀಲಿ ಏರೋಗ್ರಾಮಿನಲ್ಲೂ ಇದೇ ಮಾತಿತ್ತು. ಅದನ್ನು ಬರೆದ ಐದನೆಯ ದಿನಕ್ಕೆ ಆ ಕಡಲು ನನಗೆ ಸರಿಯಾಗಿ ಬುದ್ಧಿ ಕಲಿಸಿತ್ತು.

ಆಗ ಲಾನ್‌ಬಾಡಾರ್ನ್‌ನಲ್ಲಿ ಗ್ರಂಥಾಲಯ ವಿಜ್ಞಾನಕ್ಕೆಂದೇ ಒಂದು ಕಾಲೇಜು ಇತ್ತು. 1964ರಲ್ಲಿ ಶುರುವಾದದ್ದು. 1989ರಲ್ಲಿ ನಿನ್ನ ವಿಶ್ವವಿದ್ಯಾಲಯದೊಳಗೆ ಸೇರಿಹೋಯಿತು. ಆಫ್ರಿಕಾದವರು, ಏಷ್ಯಾದವರು ಎಲ್ಲ ಕಾರ್ಡು ಬರೆಯುವುದು ಕಲಿಯಲು ಅಲ್ಲಿಗೆ ಬರುತ್ತಿದ್ದೆವು. ಒಂದು ಮಧ್ಯಾಹ್ನ ಬಿಸಿಲು ಬಿದ್ದಿತ್ತು. ಹಾಳುಬಿದ್ದ ಕೋಟೆಯ ಕೆಳಗಿನ ಬಂಡೆಗಳ ಮೇಲೆ ಪುಸ್ತಕ ಹಿಡಿದು ಕೂತೆ. ಕಡಲ ಮಗ ನಾನು, ನೀರಿಗೆ ಹೆದರುವುದುಂಟೇ ಎಂಬ ಠೀವಿ ಬೇರೆ. ತಲೆ ಎತ್ತಿದಾಗ ಬಂದ ದಾರಿಯೇ ಇರಲಿಲ್ಲ. ನಮ್ಮಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿನ ವ್ಯತ್ಯಾಸವೂ ಇಲ್ಲ, ಅಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಮೊಣಕಾಲು ಮುಳುಗುವ ನೀರಿನಲ್ಲಿ, ಹಲ್ಲು ಕಟಕಟಿಸುತ್ತಾ, ಹೊಸ ಬೂಟು ಕೈಯಲ್ಲಿ ಹಿಡಿದು ದಡ ಸೇರಿದೆ. ಬೂಟು ಒಣಗಲು ನಾಲ್ಕು ದಿನ ಬೇಕಾಯಿತು, ಠೀವಿ ಮಾತ್ರ ಅಂದೇ ಇಳಿದಿತ್ತು.

ಅದಕ್ಕೇ ಹೇಳುತ್ತಿದ್ದೇನೆ. ಪೂರಾ ಹೊಸದಾದದ್ದರ ಎದುರು ನೀನು ಎಡವುವುದಿಲ್ಲ, ಅಲ್ಲಿ ಕಣ್ಣು ತಾನೇ ಎಚ್ಚರವಾಗಿರುತ್ತದೆ. ಮೊದಲ ವಾರಗಳಲ್ಲಿ ನಾನು ಬಿದ್ದದ್ದೆಲ್ಲ 'ಇದು ಗೊತ್ತಿದ್ದದ್ದೇ' ಅಂದುಕೊಂಡ ಜಾಗದಲ್ಲಿ.

ಕಡಲಿನ ಮಾತು ಮುಗಿಸಿಬಿಡುತ್ತೇನೆ. ಪ್ರಾಮ್ ಮೇಲೆ, ಅಂದರೆ ಕಡಲಂಚಿನ ಕಾಲುದಾರಿಯಲ್ಲಿ, ದಿನಾ ನಡೆ, ಅದಕ್ಕಿಂತ ಒಳ್ಳೆಯ ಔಷಧ ಆ ಊರಲ್ಲಿಲ್ಲ. ಉತ್ತರದ ತುದಿಯಲ್ಲಿ, ಕಾನ್‌ಸ್ಟಿಟ್ಯೂಷನ್ ಹಿಲ್ ಬುಡದಲ್ಲಿ, ಕಬ್ಬಿಣದ ಕಟಾಂಜನಕ್ಕೆ ಕಾಲಿನಿಂದ ಒಂದು ಒದೆ ಕೊಟ್ಟು ಹಿಂದಿರುಗುವುದು ಅಲ್ಲಿಯ ವಿದ್ಯಾರ್ಥಿಗಳ ಹಳೆಯ ರೂಢಿ. ಯಾಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಆದರೆ ಬಿರುಗಾಳಿಯ ದಿನ ಅಲೆ ನೋಡಲು, ಫೋಟೋ ತೆಗೆಯಲು ಅತ್ತ ಸುಳಿಯಬೇಡ. 2014ರ ಜನವರಿಯ ಬಿರುಗಾಳಿ ಆ ಪ್ರಾಮಿನ ಕಲ್ಲುಗಳನ್ನೇ ಕಿತ್ತು ರಸ್ತೆಗೆ ಎಸೆದಿತ್ತು. ಕಡಲೆದುರಿನ ಹಾಸ್ಟೆಲುಗಳ ಮಕ್ಕಳನ್ನು ರಾತ್ರೋರಾತ್ರಿ ಬೇರೆಡೆಗೆ ಕಳಿಸಬೇಕಾಯಿತು. ಗೆಳತಿಯರು ಈಜೋಣ ಬಾ ಎಂದು ಕರೆದರೆ, ಅಘನಾಶಿನಿಯಲ್ಲಿ ಈಜಿದವಳು ನಾನು ಎಂಬ ಧೈರ್ಯ ಬೇಡ. ಆ ತಣ್ಣನೆಯ ನೀರು ಎದೆಗೆ ತಾಗಿದ ಕ್ಷಣ ಉಸಿರು ಕೈತಪ್ಪುತ್ತದೆ, ಎಂಥ ಈಜುಗಾರರಿಗೂ. ಯಾರಾದರೂ ನೀರಿನಲ್ಲಿ ಸಿಕ್ಕಿಕೊಂಡದ್ದು ಕಂಡರೆ ನೀನು ಹಾರಬೇಡ, 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನು.

ಇನ್ನು ಇಂಗ್ಲಿಷು. ಕಡಲಿಗಿಂತ ಹೆಚ್ಚು ಮೋಸ ಮಾಡಿದ್ದು ಅದೇ. ಒಂದನೇ ಕ್ಲಾಸಿನಿಂದ ಓದಿದ್ದೇವಲ್ಲ, ಬರುತ್ತದೆ ಅಂದುಕೊಂಡಿರುತ್ತೇವೆ. ಎದುರು ಸಿಕ್ಕವರು "ಆಲ್ ರೈಟ್?" ಅಂದರೆ ನನ್ನ ಮುಖ ಬಾಡಿದ್ದು ಕಂಡಿರಬೇಕು ಎಂದು ನಾನು ನಿಂತು ನೆಗಡಿಯ ವಿವರ ಹೇಳುತ್ತಿದ್ದೆ. ಅದು ನಮ್ಮ "ಊಟ ಆತಾ" ಇದ್ದ ಹಾಗೆ ಕಣೇ, ಉತ್ತರ ಬೇಕೆಂದು ಕೇಳುವುದಲ್ಲ. ಅದೇ ಮಾತನ್ನು ತಿರುಗಿ ಹೇಳಿ ಮುಂದೆ ಹೋಗಬೇಕು. "ಎಂದಾದರೂ ಬಾ" ಅಂದರೆ ಅದು ಕರೆಯಲ್ಲ. ದಿನ, ಹೊತ್ತು ಹೇಳಿದರೆ ಮಾತ್ರ ಕರೆ. ಇದನ್ನು ಕಲಿತುಕೊಂಡ ಮೇಲೂ ಒಂದು ಸಲ ಸಿಕ್ಕಿಬಿದ್ದೆ. ಸಹಪಾಠಿಯ ತಾಯಿ ಸಂಜೆ ಐದೂವರೆಗೆ 'ಟೀ'ಗೆ ಕರೆದರು. ಚಾ ಕುಡಿಯಲು ತಾನೇ ಎಂದು ರೂಮಿನಲ್ಲಿ ಅನ್ನ-ಸಾರು ಹೊಟ್ಟೆತುಂಬ ಉಂಡು ಹೋದೆ. ಆ ಕಡೆ ಎಷ್ಟೋ ಮನೆಗಳಲ್ಲಿ ಟೀ ಎಂದರೆ ರಾತ್ರಿ ಊಟ! ಪಾಪ, ನಾನು ಮಾಂಸ ತಿನ್ನುವುದಿಲ್ಲವೆಂದು ಆ ತಾಯಿ ಚೀಸು, ಆಲೂಗಡ್ಡೆ, ಈರುಳ್ಳಿ ಹಾಕಿ ಬೇರೆಯೇ ಅಡುಗೆ ಮಾಡಿದ್ದರು. ಎರಡನೆಯ ಊಟವನ್ನೂ ಉಂಡೆ. ಆ ರಾತ್ರಿ ಗುಡ್ಡ ಹತ್ತಿ ರೂಮು ಸೇರಿದ್ದು ಹೇಗೋ, ದೇವರಿಗೇ ಗೊತ್ತು.

ಊಟದ ಮಾತು ಬಂತಲ್ಲ. ಆಲೂಗಡ್ಡೆ ಚಿಪ್ಸ್ ತಾನೇ ಎಂದು ಕೇಳದೆ ತಿನ್ನಬೇಡ, ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಯಾವುದರಲ್ಲಿ ಕರಿದದ್ದು ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಲೇವರ್‌ಬ್ರೆಡ್ ಎಂಬುದು ಬ್ರೆಡ್ಡಲ್ಲ, ಕಡಲಪಾಚಿ ಬೇಯಿಸಿದ್ದು. ಕ್ರಿಸ್‌ಮಸ್ ಹೊತ್ತಿಗೆ ಬರುವ ಮಿನ್ಸ್ ಪೈ ಒಳಗೆ ಒಣದ್ರಾಕ್ಷಿ ಇರುತ್ತದೆಯೇ ಹೊರತು ಖೀಮಾ ಅಲ್ಲ. ಆದರೂ ಅದರ ಜಿಡ್ಡು ಯಾವುದರದ್ದು ಎಂದು ಡಬ್ಬಿಯ ಮೇಲೆ ಓದಿಯೇ ಬಾಯಿಗಿಡು.

ಓದಿನಲ್ಲೂ ಹೀಗೆಯೇ ಒಂದು ಇದೆ. ನೀನು ಹತ್ತನೇ ತರಗತಿಯಿಂದ ತೊಂಬತ್ತರ ಕೆಳಗೆ ಇಳಿದವಳಲ್ಲ. ನವೆಂಬರಿನಲ್ಲಿ ಮೊದಲ ಪ್ರಬಂಧ ತಿರುಗಿ ಬರುತ್ತದೆ, ಮೇಲೆ 62 ಎಂದಿರುತ್ತದೆ. ಬಾಗಿಲು ಹಾಕಿಕೊಂಡು ಅಳಬೇಡ. ಮಾಸ್ಟರ್ಸ್‌ಗೆ ಅಲ್ಲಿ 50 ಬಂದರೆ ಪಾಸು, 60 ದಾಟಿದರೆ ಮೆರಿಟ್, 70 ಆದರೆ ಡಿಸ್ಟಿಂಕ್ಷನ್. ಎಂಬತ್ತು ಕೊಡಲು ಅವರ ಕೈ ಬರುವುದೇ ಅಪರೂಪ. ನನಗೆ ಮೊದಲ ಸಲ 58 ಬಂದಾಗ ವಾಪಸು ಹೋಗುವ ವಿಮಾನಕ್ಕೆ ಎಷ್ಟಾಗುತ್ತದೆ ಎಂದು ವಿಚಾರಿಸಿಬಂದಿದ್ದೆ. ಪಾಠ ಮಾಡುವವರನ್ನು ಹೆಸರು ಹಿಡಿದು ಕರೆಯಬಹುದು, ಅವರೂ ಕಾಫಿ ಕಪ್ಪು ಹಿಡಿದು ಮೇಜಿನ ಮೇಲೆ ಕೂತು ಮಾತಾಡುತ್ತಾರೆ. ಇಷ್ಟು ಸಲಿಗೆ ಇದ್ದ ಮೇಲೆ ಎರಡು ದಿನ ತಡವಾದರೆ ಏನಂತೆ ಅಂದುಕೊಂಡೀಯಾ! ಗಡುವಿನ ವಿಷಯದಲ್ಲಿ ಅವರು ನಮ್ಮ ಮುಖ್ಯೋಪಾಧ್ಯಾಯರಿಗಿಂತ ಬಿಗಿ. ಪುಸ್ತಕದ ಸಾಲನ್ನು ಎಲ್ಲಿಂದ ತಂದೆ ಎಂದು ಹೇಳದೆ ಬರೆಯುವುದನ್ನು ನಮ್ಮಲ್ಲಿ ಬಾಯಿಪಾಠ ಎಂದು ಮೆಚ್ಚುತ್ತಿದ್ದರು, ಅಲ್ಲಿ ಕಳ್ಳತನ. ಮೊದಲ ತಿಂಗಳಲ್ಲೇ ಉಲ್ಲೇಖ ಕೊಡುವ ಕ್ರಮ ಕಲಿತುಬಿಡು. ಸಂಶಯವಿದ್ದರೆ ಗುಡ್ಡದ ಮೇಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಿ ಕೂತುಕೋ. ಸಹಾಯ ಕೇಳಿದವರನ್ನು ಗ್ರಂಥಪಾಲಕರು ಬರಿಗೈಯಲ್ಲಿ ಕಳಿಸುವುದಿಲ್ಲ. ಇದು ಸ್ವಜಾತಿ ಅಭಿಮಾನ ಎಂದು ಬೇಕಾದರೆ ನಗು.

ನಿನ್ನ ವಿಭಾಗ 1919ರದ್ದು, ಅಂತರರಾಷ್ಟ್ರೀಯ ರಾಜಕೀಯಕ್ಕೆಂದು ಜಗತ್ತಿನಲ್ಲೇ ಮೊದಲು ಹುಟ್ಟಿದ್ದು. ಆ ಹೆಮ್ಮೆ ಇರಲಿ. ಆದರೆ ಪ್ರಾಮ್ ಮೇಲಿರುವ ಹಳೆಯ ಕಾಲೇಜಿನ ಕಟ್ಟಡದ ಎದುರು ಒಂದು ಗಳಿಗೆ ನಿಲ್ಲು. ಅದು ದಿವಾಳಿಯೆದ್ದ ಹೋಟೆಲು. ಅದನ್ನು 10,000 ಪೌಂಡಿಗೆ ಕೊಂಡು 1872ರಲ್ಲಿ 26 ವಿದ್ಯಾರ್ಥಿಗಳೊಂದಿಗೆ ಕಾಲೇಜು ತೆರೆದರು. ರೈತರು, ಕಲ್ಲುಗಣಿಯ ಕೂಲಿಗಳು ಕೊಟ್ಟ ಚಿಲ್ಲರೆ ಕಾಸೂ ಅದನ್ನು ನಡೆಸಿದೆ. ಆ ಊರಿನ ಜನಕ್ಕೆ ಅದು ತಮ್ಮ ಮನೆಯದೇ.

ನೀನು ಇಂಗ್ಲೆಂಡಿಗೆ ಹೋಗಿದ್ದೀಯಾ ಎಂದು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ, ನಿನ್ನ ಅಪ್ಪಯ್ಯನೂ. ಅಲ್ಲಿ ಯಾರ ಎದುರೂ ಹಾಗೆ ಅನ್ನಬೇಡ, ಅದು ವೇಲ್ಸ್. ರಸ್ತೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಪದವನ್ನು ನಾನು 'ಆರಾಮ್' ಇರಬೇಕು ಎಂದು ಓದಿದ್ದೆ. ಅದು 'ಆರಾವ್', ನಿಧಾನ ಎಂದರ್ಥ. ಅರ್ಥ ತೀರಾ ದೂರವೇನೂ ಇರಲಿಲ್ಲ ಬಿಡು. 'ಅಬರ್' ಎಂದರೆ ಅಳಿವೆ. ಅಸ್ಟ್ವಿತ್ ಹೊಳೆಯ ಅಳಿವೆ, ಅದೇ ಊರ ಹೆಸರು. ಊರ ಪಕ್ಕದ ಟ್ರೆವೆಕನ್ ಸೇತುವೆಯ ಮೇಲೆ 1963ರ ಫೆಬ್ರವರಿ 2ರಂದು, ತಮ್ಮ ನುಡಿಗೆ ಕಚೇರಿಗಳಲ್ಲಿ ಜಾಗ ಬೇಕೆಂದು ಹುಡುಗರು ಹುಡುಗಿಯರು ಚಳಿಯಲ್ಲಿ ಕೂತು ರಸ್ತೆ ತಡೆದಿದ್ದರು. ನಾನು ಹೋದಾಗ ಇಲ್ಲಿ ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿ ಮುಗಿದು ಮೂರೇ ವರ್ಷವಾಗಿತ್ತು. ಇಲ್ಲಿ ಬೀದಿಗಳು ತುಂಬಿದ ಅದೇ 1982ರಲ್ಲಿ ಅವರಿಗೆ ತಮ್ಮ ಭಾಷೆಯ ಟಿ.ವಿ. ವಾಹಿನಿ ದಕ್ಕಿತ್ತು. ಇದನ್ನು ಒಬ್ಬ ಮುದುಕರಿಗೆ ಹೇಳಿದಾಗ ಅವರು ನನ್ನ ಭುಜದ ಮೇಲೆ ಕೈಯಿಟ್ಟು, ಕನ್ನಡದಲ್ಲಿ ಧನ್ಯವಾದಕ್ಕೆ ಏನನ್ನುತ್ತೀರಿ ಎಂದು ಕೇಳಿದರು. ಬೆಳಿಗ್ಗೆ ಅಂಗಡಿಯಲ್ಲಿ 'ಬೋರೆ ದಾ', ಚಿಲ್ಲರೆ ತೆಗೆದುಕೊಳ್ಳುವಾಗ 'ಡಿಯೋಲ್ಖ್', ಇಷ್ಟು ಕಲಿ. ಮುಖಗಳು ಅರಳುವುದನ್ನು ನೀನೇ ನೋಡುತ್ತೀ.

ಕಾಗದಪತ್ರದ ಮಾತು ಬೇಗ ಹೇಳಿ ಮುಗಿಸುತ್ತೇನೆ. ವೀಸಾದ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯಕ್ಕೆಂದು ಕಟ್ಟಿದ್ದೀಯ, ಆದರೂ ಡಾಕ್ಟರ ಹತ್ತಿರ ಮೊದಲೇ ಹೆಸರು ಬರೆಸಬೇಕು. ಜ್ವರ ಬಂದ ಮೇಲಲ್ಲ, ಈ ವಾರವೇ. ವೇಲ್ಸಿನಲ್ಲಿ 2007ರಿಂದ ಚೀಟಿಯ ಔಷಧಕ್ಕೆ ದುಡ್ಡಿಲ್ಲ, ಹಲ್ಲಿನ ಲೆಕ್ಕ ಬೇರೆ. ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಬೇಸಿಗೆಯಲ್ಲಿ ತರಗತಿ ಇರುವುದಿಲ್ಲವಲ್ಲ, ರಜೆ ತಾನೇ ಎಂದು ಯಾರಾದರೂ ಹೆಚ್ಚು ಪಾಳಿ ಕೊಟ್ಟರೆ ಒಪ್ಪಬೇಡ. ನಿಮ್ಮಂಥವರಿಗೆ ಅದು ಪ್ರೌಢಪ್ರಬಂಧದ ಕಾಲ, ರಜೆಯಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಉದ್ದಿನಬೇಳೆ ಕೊಂಡು ಬರುವಾಗ ಯಾವ ಡಬ್ಬಿಯಲ್ಲಿ ಕೂತಿದ್ದೀಯ ಎಂದು ಕೇಳಿಕೋ. ಮಖಾಂಥ್ಲೆತ್‌ನಲ್ಲಿ ರೈಲು ಎರಡಾಗುತ್ತದೆ, ಅರ್ಧ ನಿನ್ನೂರಿಗೆ, ಇನ್ನರ್ಧ ಪುಲೇಲಿಗೆ.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆಮೇಲೆಯೇ ಕಷ್ಟ. ಡಿಸೆಂಬರಿನಲ್ಲಿ ನಾಲ್ಕು ಗಂಟೆ ದಾಟುತ್ತಲೇ ಕತ್ತಲು. ನಮ್ಮ ಜಿಟಿಜಿಟಿ ಆಷಾಢ ನೋಡಿದವಳು ನಾನು, ಮೋಡ ಹೊಸದೇ ಅನ್ನಬೇಡ. ನಮ್ಮ ಮಳೆಗಾಲಕ್ಕೆ ಜಗಲಿಯಿದೆ, ಹಪ್ಪಳವಿದೆ, ಹರಟಲು ಜನ ಇದ್ದಾರೆ. ಅಲ್ಲಿಯ ಕತ್ತಲಲ್ಲಿ ನೀನು ಮತ್ತು ಒಂದು ಹೀಟರು. ಚಳಿಗಾಲಕ್ಕೆ ದಿನಾ 10 ಮೈಕ್ರೋಗ್ರಾಂ ವಿಟಮಿನ್ ಡಿ ಗುಳಿಗೆ ತೆಗೆದುಕೋ, ನಮ್ಮ ಮೈಬಣ್ಣದವರಿಗೆ ಅದು ಇನ್ನೂ ಅಗತ್ಯ. ಸೂರ್ಯ ಮುಳುಗುವ ಹೊತ್ತಿಗೆ ರೂಮಿನಲ್ಲಿರಬೇಡ, ಕಡಲೊಳಕ್ಕೆ ಚಾಚಿದ ಪಿಯರ್ ಹತ್ತಿರ ಹೋಗು. ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ಆಕಾಶದಲ್ಲಿ ಹೊಗೆಯ ಹಾಗೆ ಸುತ್ತಿ ಸುತ್ತಿ, ಕೊನೆಗೆ ಅದರ ಅಡಿಯ ಕಬ್ಬಿಣಕ್ಕೆ ಜೋತುಬೀಳುತ್ತವೆ. ನನಗೆ ಬೇಸರವಾದ ಸಂಜೆಗಳಲ್ಲಿ ಅವುಗಳ ಗಲಾಟೆಯೇ ಜೊತೆಯಾಗಿತ್ತು.

ಎರಡು ವಾರ, ಮೂರು ವಾರ ಯಾರೂ ಹತ್ತಿರವಾಗದಿದ್ದರೆ ನಿನ್ನಲ್ಲೇ ಏನೋ ಕೊರತೆ ಇದೆ ಎಂದು ತೀರ್ಪು ಕೊಟ್ಟುಕೊಳ್ಳಬೇಡ. ನನಗೆ ಸ್ನೇಹಿತ ಎನ್ನುವವನು ಸಿಕ್ಕಿದ್ದು ಡಿಸೆಂಬರಿನಲ್ಲಿ, ಅದೂ ಬಟ್ಟೆ ಒಗೆಯುವ ಯಂತ್ರದ ಎದುರು. ಇಬ್ಬರ ಹತ್ತಿರವೂ ಚಿಲ್ಲರೆ ಇರಲಿಲ್ಲ.

ಇನ್ನು ಕರೆಯ ವಿಷಯ. ರಾತ್ರಿ ಬೇಡ, ಗಡಿಯಾರ ಹಿಂದೆ ಹೋದ ಮೇಲಂತೂ ನೀನು ಏಳಕ್ಕೆ ಊಟ ಮುಗಿಸಿದರೆ ಇಲ್ಲಿ ಹನ್ನೆರಡೂವರೆ. ಆಯಿ ಎಚ್ಚರವಿದ್ದು ಕಾಯುತ್ತಾಳೆ, ಕಾಯಲಿಲ್ಲ ಎಂದು ಸುಳ್ಳೂ ಹೇಳುತ್ತಾಳೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಡು. ಗಡಿಯಾರ ಬದಲಾದ ಮೇಲೆ ಇಲ್ಲಿ ಆಗ ಎರಡೂವರೆ, ಊಟ ಮುಗಿದು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿರುತ್ತಾಳೆ. ಅಳು ಬಂದರೆ ಅವಳ ಎದುರೇ ಅತ್ತುಬಿಡು. ನೀನು ತಿಳಿದಷ್ಟು ಮೆತ್ತಗಿನವಳಲ್ಲ ಅವಳು, ಅವಳು ನನ್ನ ತಂಗಿ.

ನಿನಗೆಂದು ಅವಳು ಪಾರ್ಸೆಲ್ ಕಟ್ಟಿಟ್ಟಿದ್ದಾಳೆ. ಅಪ್ಪೆಮಿಡಿ ಇದೆ, ತೊಡದೇವು ಇದೆ, ಮುರುಗಲು ಸಿಪ್ಪೆ ಇದೆ. ಹಾಲಿನ ಪದಾರ್ಥ ಇಲ್ಲಿಂದ ಅಲ್ಲಿಗೆ ಕಳಿಸುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿಯನ್ನು ನಾನೇ ಮೆಲ್ಲಗೆ ಹೊರಗೆ ತೆಗೆದು ನನ್ನ ಪುಸ್ತಕದ ಕಪಾಟಿನಲ್ಲಿ ಅಡಗಿಸಿದ್ದೇನೆ. ಶನಿವಾರ ಅವಳು ತುಪ್ಪ ಬಂತಾ ಎಂದು ಕೇಳಿದರೆ ಏನು ಹೇಳಬೇಕೆಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಬೇಕು.