ನಂಟು ಬೆಸೆಯದ ಮಕ್ಕಳು: ಗುರುತಿಸುವ ಬಗೆ

ಎಂಟು–ಒಂಬತ್ತು ತಿಂಗಳ ಶಿಶುವು ಅಪರಿಚಿತರನ್ನು ಕಂಡು ಅಳುತ್ತ ತಾಯಿಯ ಮಡಿಲು ಸೇರುವುದು ಆರೋಗ್ಯದ ಲಕ್ಷಣ. ತನ್ನವರಾರೆಂಬುದನ್ನು ಅದು ಅರಿತಿದೆ. ದೇಹಕ್ಕೆ ಪೋಷಕಾಂಶಗಳಂತೆ ಶಿಶುವಿನ ಮನಸ್ಸಿಗೆ ವಾತ್ಸಲ್ಯವು ಅವಶ್ಯವೆಂದು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿಯವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದರು. ಶಿಶುವನ್ನು ಹೆದರಿಸಬಾರದೆಂದು ಚರಕ ಸಂಹಿತೆಯೂ ವಿಧಿಸಿದೆ.

ಎಳೆತನದಲ್ಲಿ ತೀವ್ರ ನಿರ್ಲಕ್ಷ್ಯಕ್ಕೊಳಗಾದ, ಸಾಕುವ ಕೈಗಳು ಪದೇ ಪದೇ ಬದಲಾದ ಕೆಲವು ಮಕ್ಕಳಲ್ಲಿ ಈ ನಂಟು ಬೆಸೆಯುವುದಿಲ್ಲ. ಅದರ ಚಿಹ್ನೆಗಳು ಎರಡು ಬಗೆ.

ಮೊದಲನೆಯದು ಮುದುಡುವಿಕೆ. ಬಿದ್ದು ಪೆಟ್ಟಾದರೂ ಮಗು ಯಾರ ಬಳಿಗೂ ಓಡದು, ಎತ್ತಿಕೊಂಡರೂ ಸಮಾಧಾನಗೊಳ್ಳದು, ನಗು ವಿರಳ, ಕಾರಣವಿಲ್ಲದ ಅಂಜಿಕೆ, ಸಿಡುಕು. ಇದನ್ನು ‘ಹಟವಿಲ್ಲದ ಕೂಸು’ ಎಂದು ಹೊಗಳಿ ಸುಮ್ಮನಾಗಬಾರದು. ಎರಡನೆಯದು ಎಲ್ಲೆಯಿಲ್ಲದ ಸಲಿಗೆ. ಮುಖಪರಿಚಯವಿಲ್ಲದವರ ತೊಡೆಯೇರುವುದು, ಮನೆಯವರತ್ತ ತಿರುಗಿಯೂ ನೋಡದೆ ಕರೆದವರ ಹಿಂದೆ ಹೊರಡುವುದು. ಇದು ಚೂಟಿತನವಲ್ಲ.

ಒಂದೆರಡು ದಿನದ ವರ್ತನೆಯಿಂದ ನಿರ್ಣಯಿಸಬಾರದು. ತಾಯಿ ದುಡಿಯಲು ಹೋದ ಮಾತ್ರಕ್ಕೆ ಈ ದೋಷ ಬಾರದು. ಅಜ್ಜಿಯ ಮಡಿಲಿನಲ್ಲಿಯೂ ನಂಟು ಬೆಳೆಯುತ್ತದೆ. ಶ್ರವಣದೋಷ, ಆಟಿಸಂಗಳಲ್ಲಿಯೂ ಇಂತಹ ಕೆಲವು ಲಕ್ಷಣಗಳು ಕಾಣುವುದರಿಂದ ಮಕ್ಕಳ ವೈದ್ಯರ, ಮನೋವೈದ್ಯರ ಪರೀಕ್ಷೆ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ನಾವು ಕೊಡುವ ಲೇಹ್ಯ, ಘೃತಗಳು ಈ ಕೊರತೆಯನ್ನು ತುಂಬಲಾರವು. ಉಣಿಸುವ, ಮೀಯಿಸುವ, ಮಲಗಿಸುವ ಕೈ ದಿನವೂ ಒಂದೇ ಆಗಿರುವುದೇ ಮೊದಲ ಚಿಕಿತ್ಸೆ. ತಬ್ಬಲಿ ಮಗುವನ್ನು ಸಾಕುವ ಬಂಧುಗಳು ಅದನ್ನು ಮನೆಯಿಂದ ಮನೆಗೆ ಕಳುಹಿಸದಿರಲಿ; ಒಂದು ಮಡಿಲು ಅದಕ್ಕೆ ಸ್ಥಿರವಾಗಲಿ.